ಅಭಿನಂದನಾ ಗ್ರಂಥದಲ್ಲಿ ಇಲ್ಲದ ಐದು ವರ್ಷ: ಒಂದು ಪ್ರಕರಣ ಅಧ್ಯಯನ

ನಮ್ಮಲ್ಲಿ ಹಿರಿಯ ರಾಜಕಾರಣಿಗಳ ಬದುಕು ಪುಸ್ತಕವಾಗುವುದು ಹೆಚ್ಚಾಗಿ ಅಭಿನಂದನಾ ಗ್ರಂಥವಾಗಿಯೇ. ಒಂದು ಸಮಿತಿ ಆಗುತ್ತದೆ. ಶಿಷ್ಯರು, ಸ್ವಾಮಿಗಳು, ಸಹೋದ್ಯೋಗಿಗಳು ತಲಾ ಎರಡು ಪುಟ ಬರೆದುಕೊಡುತ್ತಾರೆ. ಬಣ್ಣದ ಫೋಟೋಗಳು ಸೇರಿ ದಪ್ಪ ಪುಸ್ತಕ ಬರುತ್ತದೆ. ಅಷ್ಟೂ ಓದಿದ ಮೇಲೂ ಆ ಮನುಷ್ಯ ಯಾವ ಹೊತ್ತಿನಲ್ಲಿ ಏನು ತೀರ್ಮಾನ ಮಾಡಿದರು, ಯಾಕೆ ಮಾಡಿದರು ಅನ್ನುವುದು ಗೊತ್ತಾಗುವುದಿಲ್ಲ. ಇಲ್ಲಿ ಹೇಳುತ್ತಿರುವುದು ಅಂಥದ್ದೇ ಒಂದು ಗ್ರಂಥದ ಕಥೆ. ಅದು ದಾರಿ ಬದಲಿಸಿತು. ಹೇಗೆ ಬದಲಿಸಿತು ಅನ್ನುವುದು ಇಂಥ ಕೆಲಸಕ್ಕೆ ಕೈ ಹಾಕುವ ಬೇರೆಯವರಿಗೂ ಉಪಯೋಗ ಆಗಬಹುದು ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ನಾಯಕರು ಕರ್ನಾಟಕದವರು. ಆರು ಸಲ ಲೋಕಸಭೆಗೆ ಗೆದ್ದವರು, ಎರಡು ಸಲ ಸೋತವರು, ಕೇಂದ್ರದಲ್ಲಿ ಸ್ವಲ್ಪ ಕಾಲ ರಾಜ್ಯ ಸಚಿವರಾಗಿದ್ದವರು. ಹೆಸರು, ಕ್ಷೇತ್ರ, ಪಕ್ಷ ಮೂರನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊರಿನವರು ಕರೆಯುವ ಹಾಗೆ 'ಸಾಹೇಬರು' ಅಂತಲೇ ಬರೆಯುತ್ತೇನೆ.

80 ದಾಟಿದ ಮೇಲೆ ಮನೆಯವರು ಸಹಸ್ರ ಚಂದ್ರ ದರ್ಶನ ಶಾಂತಿ ಇಟ್ಟುಕೊಂಡರು. ಅದೇ ದಿನ ಗ್ರಂಥವೂ ಬಿಡುಗಡೆ ಆಗಬೇಕು ಅಂತ ಮಾತಾಯಿತು. ನಿವೃತ್ತ ಪ್ರಾಂಶುಪಾಲರೊಬ್ಬರು ಸಮಿತಿಯ ಅಧ್ಯಕ್ಷರಾದರು. ಪಕ್ಷದ ಒಬ್ಬ ಜಿಲ್ಲಾ ಪದಾಧಿಕಾರಿ, ಸಾಹೇಬರ ಮಗಳು ಮತ್ತು ಮೂವತ್ತು ವರ್ಷಕ್ಕೂ ಜಾಸ್ತಿ ಅವರ ಪಿ.ಎ. ಆಗಿದ್ದವರು ಸದಸ್ಯರು. ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದ ಒಬ್ಬ ಯುವಕನಿಗೆ ಬರೆಯುವ ಕೆಲಸ. ಸಂಪಾದನೆಗೆ ಸಲಹೆ ಕೊಡಲು ನನ್ನನ್ನು ಸೇರಿಸಿಕೊಂಡಿದ್ದರು. ಅರ್ಧಕ್ಕಿಂತ ಜಾಸ್ತಿ ಪ್ರತಿಗಳನ್ನು ಪಕ್ಷವೇ ಕೊಳ್ಳುತ್ತದೆ ಅಂತ ಪದಾಧಿಕಾರಿ ಮಾತು ಕೊಟ್ಟಿದ್ದರು.

ಮೊದಲ ಯೋಜನೆಯಲ್ಲಿ ಇದ್ದದ್ದು ಲೇಖನಗಳು ಮತ್ತು ಫೋಟೋ ಮಾತ್ರ. ಮಗಳು ಅದಕ್ಕೆ ಒಪ್ಪಲಿಲ್ಲ. "ಅಪ್ಪನ ಬಗ್ಗೆ ನೂರು ಪುಟ ಸರಿಯಾದ ಚರಿತ್ರೆ ಇರಲಿ. ಹೊಗಳಿಕೆ ಆಮೇಲೆ ಬರಲಿ" ಅಂದರು. ಸಮಿತಿಯ ಕಷ್ಟ ಶುರುವಾಗಿದ್ದು ಆ ನೂರು ಪುಟದಿಂದಲೇ.

ಎಲ್ಲರದೂ ಒಂದೇ ಕಥೆ

ಯುವಕ ಮೊದಲು ಜನರನ್ನು ಮಾತಾಡಿಸಿದ. ಹಳೆಯ ಕಾರ್ಯಕರ್ತರು, ಬಂಧುಗಳು, ನಿವೃತ್ತ ಅಧಿಕಾರಿಗಳು. ಎಲ್ಲರೂ ಹೇಳಿದ್ದು ಒಂದೇ ನಾಲ್ಕು ಕಥೆ, ಅದೂ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ. ತುರ್ತು ಪರಿಸ್ಥಿತಿಯಲ್ಲಿ ಮೀಸಾ ಕಾಯ್ದೆಯಡಿ, ಅಂದರೆ ವಿಚಾರಣೆ ಇಲ್ಲದೆ ಬಂಧನದಲ್ಲಿ ಇಡಬಹುದಾಗಿದ್ದ ಆಂತರಿಕ ಭದ್ರತಾ ಕಾಯ್ದೆಯಡಿ, ಜೈಲಿಗೆ ಹೋದರು. ಆರು ಸಲ ಗೆದ್ದರು. ರೈಲು ತಂದರು. ಡೆಲ್ಲಿಯಲ್ಲಿ ಅವರ ಮಾತಿಗೆ ತೂಕ ಇತ್ತು. ಸೋತ ಐದು ವರ್ಷದ ಬಗ್ಗೆ ಯಾರ ಹತ್ತಿರವೂ ಒಂದು ಸಾಲು ಇರಲಿಲ್ಲ. ಸಾಹೇಬರು ಹಿಂದೊಮ್ಮೆ ಪಕ್ಷ ಬಿಟ್ಟು ಬೇರೆ ಪಕ್ಷ ಸೇರಿದ್ದರು. ಆ ವಿಷಯ ಎತ್ತಿದರೆ ಮಾತು ಬೇರೆ ಕಡೆ ಹೊರಳುತ್ತಿತ್ತು.

ದೀರ್ಘ ಕಾಲ ರಾಜಕಾರಣದಲ್ಲಿ ಇದ್ದವರ ವಿಷಯದಲ್ಲಿ ಹೀಗೆ ಆಗುವುದು ಸಹಜ. ಪ್ರತಿ ಚುನಾವಣೆಯಲ್ಲಿ ಅದೇ ಕಥೆಯನ್ನು ವೇದಿಕೆ ಮೇಲೆ ಹೇಳಿ ಹೇಳಿ, ಕೊನೆಗೆ ಎದುರಿಗೆ ಇದ್ದವರಿಗೂ ಅದೇ ನೆನಪಾಗಿ ಉಳಿಯುತ್ತದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಕೇಳಿದ್ದನ್ನೇ ಹೇಳುತ್ತಿದ್ದರು.

ಹಾಗಾಗಿ ಯುವಕ ಸಂದರ್ಶನ ನಿಲ್ಲಿಸಿ ಕಾಗದ ಹಿಡಿದ. ಚುನಾವಣಾ ಆಯೋಗದ ಅಂಕಿಅಂಶ ವರದಿಗಳು, ಲೋಕಸಭೆಯ ಚರ್ಚೆಗಳ ಸಂಪುಟಗಳು, ರೈಲ್ವೆ ಬಜೆಟ್ಟಿನ ಜೊತೆ ಬರುತ್ತಿದ್ದ, ಯಾವ ಕಾಮಗಾರಿಗೆ ಎಷ್ಟು ಹಣ ಅಂತ ಹೇಳುವ 'ಪಿಂಕ್ ಬುಕ್', ಹಳೆಯ ಪತ್ರಿಕೆಗಳು. ಒಂದು ಉದ್ದನೆಯ ಹಾಳೆಯಲ್ಲಿ ವರ್ಷ ಹಾಕಿ, ಪ್ರತಿ ವರ್ಷದ ಮುಂದೆ ದಾಖಲೆ ಇರುವುದನ್ನು ಒಂದು ಬಣ್ಣದಲ್ಲಿ ಬರೆದ. ಬರೀ ನೆನಪಿನಿಂದ ಬಂದದ್ದಕ್ಕೆ ಬೇರೆ ಬಣ್ಣದ ಶಾಯಿ.

ಸಣ್ಣಪುಟ್ಟ ತಿದ್ದುಪಡಿಗಳು ಬೇಗ ಸಿಕ್ಕವು. ಸಾಹೇಬರು ಜೈಲಿಗೆ ಹೋದದ್ದು ನಿಜ, ಆದರೆ ಮೀಸಾ ಅಡಿಯಲ್ಲಿ ಅಲ್ಲ, ಡಿ.ಐ.ಆರ್. (ಭಾರತ ರಕ್ಷಣಾ ನಿಯಮಗಳು) ಅಡಿಯಲ್ಲಿ. ಕೆಲವೇ ವಾರಗಳಲ್ಲಿ ಹೊರಗೆ ಬಂದಿದ್ದರು. ಆ ಕಾಲದಲ್ಲಿ ಒಳಗೆ ಹೋದವರನ್ನೆಲ್ಲ ಜನ 'ಮೀಸಾ ಬಂದಿ' ಅಂತಲೇ ಕರೆಯುತ್ತಾರೆ. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆ ಮಾಡಿದ ಶಾ ಆಯೋಗದ ಲೆಕ್ಕದಲ್ಲಿ ದೇಶದಾದ್ಯಂತ ಮೀಸಾದಲ್ಲಿ ಬಂಧನಕ್ಕೆ ಒಳಗಾದವರು 34,988, ಡಿ.ಐ.ಆರ್. ಅಡಿ ಒಳಗಾದವರು 75,818. ಅಂದರೆ ಎರಡನೆಯವರೇ ಎರಡು ಪಟ್ಟಿಗಿಂತ ಜಾಸ್ತಿ. ಅವರ ಕಥೆ ಪುಸ್ತಕಗಳಲ್ಲಿ ಕಡಿಮೆ. ಸರಿಯಾದ ಕಾಯ್ದೆಯ ಹೆಸರು ಬರೆದರೆ ಸಾಹೇಬರ ಗೌರವ ಏನೂ ಕಡಿಮೆ ಆಗುವುದಿಲ್ಲ ಅಂತ ಪ್ರಾಂಶುಪಾಲರು ಹೇಳಿದರು. ಪದಾಧಿಕಾರಿ ಗೊಣಗಿದರೂ ಒಪ್ಪಿಕೊಂಡರು.

'ಆರು ಗೆಲುವು' ಅನ್ನುವುದನ್ನೂ ಬಿಡಿಸಿ ನೋಡಬೇಕಾಯಿತು. ಎಲ್ಲ ಲೋಕಸಭೆಗಳೂ ಐದು ವರ್ಷ ಬಾಳಿಲ್ಲ. 1989ರ ಕೊನೆಗೆ ಆರಿಸಿ ಬಂದ ಒಂಬತ್ತನೇ ಲೋಕಸಭೆ 1991ರ ಮಾರ್ಚಿಗೆ ಮುಗಿಯಿತು. 1996ರದ್ದು ಒಂದೂವರೆ ವರ್ಷ, 1998ರದ್ದು ಹದಿಮೂರು ತಿಂಗಳು ಅಷ್ಟೇ. 1996, 1998, 1999 ಮೂರರಲ್ಲೂ ಗೆದ್ದವರಿಗೆ ಮೂರು ಗೆಲುವು ಬಂದದ್ದು ನಾಲ್ಕು ವರ್ಷದ ಒಳಗೆ. ಸಾಹೇಬರ ಆರು ಗೆಲುವಿನಲ್ಲೂ ಇಂಥ ಅಲ್ಪಾಯು ಸದನಗಳು ಸೇರಿದ್ದವು. ನಾಯಕರ ಬದುಕು ಬರೆಯುವವರು ಗೆಲುವನ್ನು ಎಣಿಸುವ ಬದಲು ಸದನದಲ್ಲಿ ಕೂತ ವರ್ಷಗಳನ್ನು ಎಣಿಸುವುದು ಒಳ್ಳೆಯದು. ಇನ್ನೊಂದು ಕಡೆ, ನಾಲ್ಕು ವರ್ಷದ ಒಳಗೆ ಮೂರು ಸಲ ಜನರ ಮುಂದೆ ಹೋಗಿ ನಿಲ್ಲುವುದು ಎಷ್ಟು ಸುಸ್ತು, ಎಷ್ಟು ಖರ್ಚು ಅನ್ನುವುದೂ ಆ ಲೆಕ್ಕದಿಂದಲೇ ಕಾಣುತ್ತದೆ.

ಒಂದು ಕಡೆ ದಾಖಲೆಯೇ ದಾರಿ ತಪ್ಪಿಸುವ ಹಾಗಿತ್ತು. ಸಾಹೇಬರು ಸಚಿವರಾಗಿದ್ದ ಅವಧಿಯಲ್ಲಿ ಅವರು ಕೇಳಿದ ಪ್ರಶ್ನೆ ಸೊನ್ನೆ, ಹಾಜರಿಯ ಲೆಕ್ಕವೂ ಇಲ್ಲ. ಎದುರಾಳಿಗಳು ಒಂದು ಕಾಲದಲ್ಲಿ ಇದನ್ನೇ ಕರಪತ್ರ ಮಾಡಿ ಹಂಚಿದ್ದರಂತೆ. ವಿಷಯ ಸರಳ. ಸಚಿವರು ಉತ್ತರ ಕೊಡುವವರು, ಪ್ರಶ್ನೆ ಕೇಳುವವರಲ್ಲ. ಹಾಜರಿ ಪುಸ್ತಕಕ್ಕೆ ಅವರು ಸಹಿಯನ್ನೂ ಹಾಕುವುದಿಲ್ಲ. ಅಂಕಿ ನೋಡುವಾಗ ಆ ಅಂಕಿ ಹುಟ್ಟುವ ಬಗೆ ಗೊತ್ತಿರಬೇಕು ಅಲ್ವಾ?

ರೈಲು

ದೊಡ್ಡ ಜಗಳ ನಡೆದದ್ದು ರೈಲಿನ ಅಧ್ಯಾಯಕ್ಕೆ. ಅದರ ತಲೆಬರಹ ಮೊದಲೇ ನಿಗದಿಯಾಗಿತ್ತು, 'ರೈಲು ತಂದ ನಾಯಕ'. ದಾಖಲೆ ನೋಡಿದರೆ ಆ ಮಾರ್ಗದ ಮೊದಲ ಸರ್ವೆ ಸಾಹೇಬರು ಸಂಸದರಾಗುವ ಮುಂಚೆಯೇ ಆಗಿತ್ತು. ಅದನ್ನು ಕೇಳಿ ಮಾಡಿಸಿದವರು ಎದುರು ಪಕ್ಷದ ಹಿಂದಿನ ಸಂಸದರು. ಮೊದಲ ರೈಲು ಓಡಿದಾಗ ಕ್ಷೇತ್ರದ ಸಂಸದರಾಗಿದ್ದದ್ದು ಇನ್ನೊಬ್ಬ ಎದುರಾಳಿ.

ನಮ್ಮಲ್ಲಿ ಹೊಸ ಮಾರ್ಗ ಬರುವ ಪರಿಯೇ ಹಾಗೆ. ಬೀದರ್–ಕಲಬುರಗಿ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997–98ರಲ್ಲಿ, ಉದ್ಘಾಟನೆ ಆದದ್ದು 2017ರ ಅಕ್ಟೋಬರಿನಲ್ಲಿ. ಉದ್ದ ಸುಮಾರು 110 ಕಿಲೋಮೀಟರ್. ಇಪ್ಪತ್ತು ವರ್ಷದಲ್ಲಿ ಎಷ್ಟು ಸರ್ಕಾರ, ಎಷ್ಟು ಸಂಸದರು ಬಂದು ಹೋದರು! ಸರ್ವೆ ಆದ ಮೇಲೆ ಬಜೆಟ್ಟಿನಲ್ಲಿ ಹೆಸರು ಬರಬೇಕು. ಹೆಸರು ಬಂದರೂ ಪಿಂಕ್ ಬುಕ್ಕಿನಲ್ಲಿ ವರ್ಷ ವರ್ಷ ಚೂರುಪಾರು ಹಣ. ರಾಜ್ಯ ಪಾಲು ಕೊಡುವ ಯೋಜನೆಯಾದರೆ ಅಲ್ಲಿಯೂ ಕಡತ ಓಡಬೇಕು. ಆಮೇಲೆ ಭೂಸ್ವಾಧೀನ. ಇಂಥ ಕೆಲಸವನ್ನು ಒಬ್ಬರ ಹೆಸರಿಗೆ ಬರೆಯಲು ಆಗುವುದೇ ಇಲ್ಲ.

ಯುವಕ ಈ ಕಾಗದಗಳನ್ನು ಸಾಹೇಬರ ಮುಂದೆ ಇಟ್ಟ. ಪದಾಧಿಕಾರಿ ಬೇಡ ಅಂದಿದ್ದರು, ಮಗಳು ಇರಲಿ ಅಂದಿದ್ದರು.

"ಸರ್, ಸರ್ವೆ ನೀವು ಬರುವ ಮುಂಚೆಯೇ ಆಗಿದೆ."

"ಆಗಿತ್ತಪ್ಪಾ. ನಾನು ಇಲ್ಲ ಅಂದೆನಾ? ಹಾಗೆ ಭಾಷಣ ಮಾಡಿದವರು ನಮ್ಮ ಹುಡುಗರು. ನಾನೂ ತಡೀಲಿಲ್ಲ."

"ಹಾಗಾದರೆ ನೀವು ಮಾಡಿದ್ದು ಏನು?"

ಅಲ್ಲಿಯವರೆಗೆ ಭಾಷಣದ ಧಾಟಿಯಲ್ಲೇ ಮಾತಾಡುತ್ತಿದ್ದ ಸಾಹೇಬರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಭೂಮಿಯ ವಿಷಯ ತೆಗೆದರು. ಮಂಜೂರಾತಿ ಸಿಕ್ಕ ಮೇಲೆ ಕೆಲಸ ನಿಂತದ್ದು ಭೂಮಿಗಾಗಿ. ವಿಶೇಷ ಭೂಸ್ವಾಧೀನ ಅಧಿಕಾರಿಯ ಹುದ್ದೆ ಖಾಲಿ ಇತ್ತು. ಇದ್ದ ಅಧಿಕಾರಿಗೆ ಮೂರು ಕಡೆ ಪ್ರಭಾರ. ರಾಜ್ಯದಲ್ಲಿ ಇದ್ದದ್ದು ಎದುರು ಪಕ್ಷದ ಸರ್ಕಾರ. ಪಕ್ಷದವರು ಧರಣಿ ಕೂರೋಣ ಅಂದರು. ಸಾಹೇಬರು ಧರಣಿ ಬೇಡ ಅಂದು, ಪಕ್ಕದ ಕ್ಷೇತ್ರದ ಎದುರಾಳಿ ಸಂಸದರನ್ನು ಜೊತೆಗೆ ಕರೆದುಕೊಂಡು ಬೆಂಗಳೂರಿಗೆ ಹೋಗಿ, ಆ ಹುದ್ದೆ ತುಂಬಿಸಿದರು. ಧರಣಿ ಮಾಡಿದ್ದರೆ ಫೋಟೋ ಬರುತ್ತಿತ್ತು. ಅಧಿಕಾರಿಯ ನೇಮಕಕ್ಕೆ ಯಾರು ಫೋಟೋ ಹಾಕುತ್ತಾರೆ? ಆ ಆದೇಶದ ಪ್ರತಿ ಆಮೇಲೆ ಸಿಕ್ಕಿತು, ತಾರೀಖೂ ಹೊಂದಿತು.

ಅದೇ ಅಧ್ಯಾಯಕ್ಕೆ ಇನ್ನೊಂದು ಮುಖವೂ ಇತ್ತು. ಭೂಮಿ ಕೊಟ್ಟವರಲ್ಲಿ ಹಲವರಿಗೆ ಪರಿಹಾರ ಸಾಲಲಿಲ್ಲ. 1894ರ ಭೂಸ್ವಾಧೀನ ಕಾಯ್ದೆಯ ಕಲಂ 18ರ ಅಡಿ ಪರಿಹಾರ ಹೆಚ್ಚಿಸಿ ಅಂತ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಅಲೆದರು. ಸಾಹೇಬರು ಅವರ ಜೊತೆ ಮೊದಮೊದಲು ನಿಂತರು, ಆಮೇಲೆ ಬಿಟ್ಟರು. ಇದೂ ಪುಸ್ತಕದಲ್ಲಿ ಬಂತು. ತಲೆಬರಹ 'ರೈಲು ಬಂದ ಬಗೆ' ಅಂತ ಬದಲಾಯಿತು. ನನ್ನ ಅಭಿಪ್ರಾಯದಲ್ಲಿ ಸಾಹೇಬರ ಕೆಲಸದ ಬೆಲೆ ಈ ಹೊಸ ಅಧ್ಯಾಯದಲ್ಲಿ ಹಳೆಯದಕ್ಕಿಂತ ಜಾಸ್ತಿ ಕಾಣುತ್ತದೆ.

ಟ್ರಂಕಿನಲ್ಲಿ ಇದ್ದ ಪುಸ್ತಕಗಳು

ಸೋತ ಐದು ವರ್ಷದ ಬಗ್ಗೆ ಕೇಳಿದರೆ ಸಾಹೇಬರದ್ದು ಒಂದೇ ಉತ್ತರ. "ಹೊಲ ನೋಡಿಕೊಂಡಿದ್ದೆ." ಆ ವರ್ಷಗಳ ಮುಂದೆ ಯುವಕನ ಹಾಳೆ ಖಾಲಿ ಇತ್ತು. ಸದನದಲ್ಲಿ ಇಲ್ಲ, ಪತ್ರಿಕೆಯಲ್ಲಿ ಇಲ್ಲ. ಪದಾಧಿಕಾರಿ ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗೋಣ ಅಂದರು.

ಆವರೆಗೆ ಸಭೆಗಳಲ್ಲಿ ಜಾಸ್ತಿ ಮಾತಾಡದೆ ಕೂತಿರುತ್ತಿದ್ದ ಪಿ.ಎ. ಮುಂದಿನ ಸಭೆಗೆ ಒಂದು ಕಬ್ಬಿಣದ ಟ್ರಂಕು ತರಿಸಿದರು. ಒಳಗೆ ಉದ್ದನೆಯ ರಿಜಿಸ್ಟರುಗಳು. ಮೊದಲ ಚುನಾವಣೆಯಿಂದ ಹಿಡಿದು ಸಾಹೇಬರ ಹತ್ತಿರ ಬಂದ ಅರ್ಜಿಗಳಿಗೆಲ್ಲ ಅವರು ಪುಸ್ತಕ ಇಟ್ಟಿದ್ದರು. ಕ್ರಮಸಂಖ್ಯೆ, ಹೆಸರು, ಊರು, ಏನು ಕೆಲಸ, ಯಾವ ಕಚೇರಿಗೆ ಬರೆದದ್ದು, ಕೊನೆಗೆ ಏನಾಯಿತು. ಕೊನೆಯ ಕಾಲಮಿನಲ್ಲಿ ಬರುತ್ತಿದ್ದದ್ದು ಮೂರೇ ಮಾತು: 'ಆಯ್ತು', 'ಆಗಲಿಲ್ಲ', 'ಮತ್ತೆ ಬರೆಯುವುದು'.

ಆ ಪುಸ್ತಕ ತಿರುವಿದರೆ ದೇಶ ಬದಲಾದದ್ದೇ ಕಾಣುತ್ತದೆ. ಮೊದಲ ವರ್ಷಗಳಲ್ಲಿ ಪುಟ ಪುಟವೂ ಗ್ಯಾಸ್ ಮತ್ತು ಟೆಲಿಫೋನ್. ಆಗ ಸಂಸದರಿಗೆ ಅದರಲ್ಲಿ ಕೋಟಾ ಇತ್ತು. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಶುರುವಾದದ್ದು 1993ರ ಡಿಸೆಂಬರಿನಲ್ಲಿ. ಅದರ ಮುಂದಿನ ಪುಸ್ತಕಗಳಲ್ಲಿ ಸಮುದಾಯ ಭವನ, ಕೊಳವೆಬಾವಿ, ಶಾಲೆಗೆ ಕೋಣೆ. ಆಮೇಲೆ ಗ್ಯಾಸ್ ಮಾಯ. ಕೇಂದ್ರೀಯ ವಿದ್ಯಾಲಯದ ಸೀಟು, ಹೃದಯದ ಆಪರೇಷನ್ನಿಗೆ ಪ್ರಧಾನಿಯವರ ಪರಿಹಾರ ನಿಧಿಯಿಂದ ನೆರವು.

ಒಂದು ನಮೂದು ಹೇಳಲೇಬೇಕು. ಸೈನಿಕನ ಹೆಂಡತಿಯೊಬ್ಬರ ಕುಟುಂಬ ಪಿಂಚಣಿ. ಅಂಥ ಕಡತಗಳು ಹೋಗುತ್ತಿದ್ದದ್ದು ಅಲಹಾಬಾದಿನ ರಕ್ಷಣಾ ಪಿಂಚಣಿ ಕಚೇರಿಗೆ. ಮೊದಲ ಪತ್ರ, ಜ್ಞಾಪನ, ಉತ್ತರವಿಲ್ಲ, ಮತ್ತೆ ಜ್ಞಾಪನ. ಹೀಗೆ ಸಾಲು ಸಾಲಾಗಿ ತಾರೀಖುಗಳು. ಮಧ್ಯದಲ್ಲಿ ಒಂದು ಕಡೆ ಪಿ.ಎ. ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದರು: 'ಇನ್ನು ಮುಂದೆ ಹೊಸ ಲೆಟರ್‌ಹೆಡ್.' ಚುನಾವಣೆ ಸೋತಿದ್ದರು. 'ಸಂಸತ್ ಸದಸ್ಯರು' ಹೋಗಿ 'ಮಾಜಿ ಸಂಸತ್ ಸದಸ್ಯರು' ಆಗಿತ್ತು. ಅದರ ಕೆಳಗೂ ಜ್ಞಾಪನಗಳು ನಿಲ್ಲಲಿಲ್ಲ. ಎರಡು ಪುಟ ದಾಟಿದ ಮೇಲೆ ಕೆಂಪು ಶಾಯಿಯಲ್ಲಿ 'ಆಯ್ತು'.

ಅಂದರೆ ಖಾಲಿ ಅಂದುಕೊಂಡ ಐದು ವರ್ಷ ಖಾಲಿ ಇರಲಿಲ್ಲ. ಅರ್ಜಿಗಳು ಕಡಿಮೆಯಾದವು, ನಿಲ್ಲಲಿಲ್ಲ. ನಿಧಿ ಇಲ್ಲ, ಕೋಟಾ ಇಲ್ಲ, ಫೋನ್ ಎತ್ತುವ ಅಧಿಕಾರಿ ಇಲ್ಲ. ಆದರೂ ಬಂದವರಿಗೆ ಪತ್ರ ಬರೆದುಕೊಡುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಸಮಿತಿಗೆ ಸಂತೋಷವೇ ಆಗುತ್ತಿತ್ತು. ಯುವಕ ಇನ್ನೊಂದನ್ನು ಗಮನಿಸಿದ. ಗೆದ್ದ ವರ್ಷಗಳ ಪುಸ್ತಕದಲ್ಲಿ ಕೆಲವು ಹೆಸರುಗಳ ಪಕ್ಕ ಒಂದು ಚುಕ್ಕೆ. ಚುಕ್ಕೆ ಇದ್ದವರ ಕೆಲಸ ಬೇಗ ಆಗಿದೆ. ಸೋತ ವರ್ಷಗಳಲ್ಲಿ ಚುಕ್ಕೆಗಳೇ ಇಲ್ಲ. ಪಿ.ಎ. ಮರೆಮಾಚಲಿಲ್ಲ. "ಚುಕ್ಕೆ ಅಂದರೆ ನಮ್ಮವರು. ಪಕ್ಷದವರು ಕಳಿಸಿದವರು. ಸೋತ ಮೇಲೆ ಅವರು ಬರಲಿಲ್ಲ. ಬಂದವರು ಬೇರೆಯವರು" ಅಂದರು.

ಇಡೀ ಕೆಲಸದ ತಿರುವು ಇದೇ. ಗೆದ್ದಾಗ ಯಾರ ಕೆಲಸ ಮೊದಲು ಆಗುತ್ತಿತ್ತು, ಸೋತಾಗ ಯಾರು ಬಾಗಿಲಿಗೆ ಬಂದರು. ಕುರ್ಚಿಯಿಂದ ಆದದ್ದು ಎಷ್ಟು, ಮನುಷ್ಯನಿಂದ ಆದದ್ದು ಎಷ್ಟು ಅನ್ನುವುದು ಆ ಚುಕ್ಕೆಗಳಲ್ಲಿ ಇತ್ತು. ದೀರ್ಘ ಕಾಲ ಅಧಿಕಾರದಲ್ಲಿ ಇದ್ದವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವರು ಅಧಿಕಾರ ಕಳೆದುಕೊಂಡ ವರ್ಷಗಳನ್ನು ಹುಡುಕಬೇಕು ಅಂತ ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಪದಾಧಿಕಾರಿ ಚುಕ್ಕೆಯ ವಿಷಯ ಅಚ್ಚಾಗಬಾರದು ಅಂದರು. ಹಾಗೆ ಮಾಡದ ಸಂಸದರು ಯಾರಿದ್ದಾರೆ, ನಮ್ಮವರೊಬ್ಬರನ್ನೇ ಯಾಕೆ ಬಿಚ್ಚಿಡಬೇಕು ಅನ್ನುವುದು ಅವರ ವಾದ. ಅದರಲ್ಲಿ ಹುರುಳಿಲ್ಲ ಅಂತ ಅಲ್ಲ. ಪ್ರಾಂಶುಪಾಲರು ಅಡಿಟಿಪ್ಪಣಿಯಲ್ಲಿ ಹಾಕೋಣ ಅಂದರು. ಮಗಳು ಮಾತ್ರ ಪುಸ್ತಕಗಳನ್ನು ಮನೆಗೆ ತೆಗೆದುಕೊಂಡು ಹೋಗಿ ಅಪ್ಪನ ಜೊತೆ ಕೂತು ಓದಿದರು. ವಾಪಸ್ ಬಂದು, ಅಧ್ಯಾಯದ ಒಳಗೇ ಇರಲಿ, ಅಪ್ಪ ಬೇಡ ಅನ್ನಲಿಲ್ಲ ಅಂದರು. ಪದಾಧಿಕಾರಿ ಅಂದಿನ ಸಭೆಯ ನಂತರ ಸಮಿತಿಗೆ ಬರಲಿಲ್ಲ.

ಪಕ್ಷ ಬಿಟ್ಟದ್ದು

ಪಕ್ಷಾಂತರದ ವಿಷಯದಲ್ಲಿ ಸಾಹೇಬರು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲಿ ಬಂದಾಗ ಮೂರನೇ ಒಂದು ಭಾಗ ಸದಸ್ಯರು ಒಟ್ಟಿಗೆ ಒಡೆದರೆ ಸ್ಥಾನ ಹೋಗುತ್ತಿರಲಿಲ್ಲ. 2003ರ ತಿದ್ದುಪಡಿ ಆ ಅವಕಾಶವನ್ನು ತೆಗೆಯಿತು. ಸಾಹೇಬರು ಪಕ್ಷ ಬಿಟ್ಟಾಗ ಸದನದಲ್ಲೇ ಇರಲಿಲ್ಲ, ಹಾಗಾಗಿ ಕಾಯ್ದೆಯ ಪ್ರಶ್ನೆ ಬರಲಿಲ್ಲ. ನಿಷ್ಠೆಯ ಪ್ರಶ್ನೆ ಮಾತ್ರ ಇತ್ತು.

ಸಮಿತಿ ಎರಡು ದಾರಿ ಯೋಚಿಸಿತು. ಬಿಟ್ಟುಬಿಡುವುದು, ಇಲ್ಲವೇ ಅವರ ಪರವಾಗಿ ಕಾರಣ ಊಹಿಸಿ ಬರೆಯುವುದು. ಎರಡೂ ಸರಿ ಕಾಣಲಿಲ್ಲ. ಕೊನೆಗೆ ರಾಜೀನಾಮೆಯ ಹೇಳಿಕೆಯನ್ನು ಪತ್ರಿಕೆಯಲ್ಲಿ ಬಂದ ಹಾಗೆಯೇ ಹಾಕುವುದು, ಹಳೆಯ ಪಕ್ಷದಲ್ಲೇ ಉಳಿದ ಗೆಳೆಯರೊಬ್ಬರಿಂದ ಲೇಖನ ಬರೆಸುವುದು ಅಂತಾಯಿತು. ಇಬ್ಬರೂ ಮಾತು ಬಿಟ್ಟು ಬಹಳ ವರ್ಷ ಆಗಿತ್ತು. ಮಗಳೇ ಹೋಗಿ ಕೇಳಿದರು. ಅವರು ಬರೆದುಕೊಟ್ಟರು. ಕಟುವಾಗಿಯೇ ಬರೆದಿದ್ದರು. ಟಿಕೆಟ್ ತಪ್ಪುವ ಸೂಚನೆ ಸಿಕ್ಕಾಗ ಸಾಹೇಬರು ಕಾಯಲಿಲ್ಲ, ಕಾದಿದ್ದರೆ ಸಿಗುತ್ತಿತ್ತು, ಅವರ ಆತುರದಿಂದ ಜಿಲ್ಲೆಯಲ್ಲಿ ಪಕ್ಷ ಎದ್ದೇಳಲು ಹತ್ತು ವರ್ಷ ಬೇಕಾಯಿತು ಅಂತ. ಸಾಹೇಬರು ಅದನ್ನು ಓದಿ, ಒಂದು ತಾರೀಖು ಮಾತ್ರ ತಿದ್ದಿ ವಾಪಸ್ ಕಳಿಸಿದರು.

ಏನಾಯಿತು

ಪುಸ್ತಕ ಶಾಂತಿಯ ದಿನಕ್ಕೆ ಸಿದ್ಧವಾಗಲಿಲ್ಲ. ಪಕ್ಷ ಪ್ರತಿ ಕೊಳ್ಳುವ ಮಾತಿನಿಂದ ಹಿಂದೆ ಸರಿಯಿತು. ಮನೆಯವರು ತಮ್ಮ ಖರ್ಚಿನಲ್ಲೇ ಕಡಿಮೆ ಪ್ರತಿ ಹಾಕಿಸಿದರು, ಬಣ್ಣದ ಫೋಟೋಗಳನ್ನು ಕೈಬಿಟ್ಟರು. ಬಿಡುಗಡೆಗೆ ಮಂತ್ರಿಗಳು ಯಾರೂ ಬರಲಿಲ್ಲ. ಹಳೆಯ ಗೆಳೆಯರು ಬಂದರು.

ಪುಸ್ತಕದ ದುರ್ಬಲ ಭಾಗ ಡೆಲ್ಲಿಯದ್ದು. ಸಚಿವರಾಗಿದ್ದ ಕಾಲದ ಬಗ್ಗೆ ಕೇಳಿದಾಗ ಸಾಹೇಬರು ಗೋಪ್ಯತೆಯ ಪ್ರಮಾಣ ವಚನ ನೆನಪಿಸುತ್ತಿದ್ದರು. ಮಾಹಿತಿ ಹಕ್ಕಿನಲ್ಲಿ ಹಾಕಿದ ಅರ್ಜಿಗಳಿಗೆ ಕಡತ ಸಿಕ್ಕಿಲ್ಲ ಅನ್ನುವ ಉತ್ತರ ಬಂತು. ಹಾಗಾಗಿ ಆ ಅಧ್ಯಾಯ ಸದನದಲ್ಲಿ ಅವರು ಕೊಟ್ಟ ಉತ್ತರಗಳ ಸಾರಾಂಶವಾಗಿ ಉಳಿಯಿತು. ಊಹೆ ಮಾಡಿ ತುಂಬಿಸುವುದಕ್ಕಿಂತ ಅದೇ ವಾಸಿ.

ಇಂಥ ಕೆಲಸ ಮಾಡುವವರು ಮೊದಲು ಹುಡುಕಬೇಕಾದದ್ದು ಪಿ.ಎ., ಕಾರಿನ ಡ್ರೈವರ್, ಟೈಪಿಸ್ಟ್ ಇಂಥವರನ್ನು. ಪ್ರವಾಸ ಪಟ್ಟಿ, ಡಿ.ಓ. (ಅರೆ ಸರ್ಕಾರಿ) ಪತ್ರಗಳ ಕಾರ್ಬನ್ ಪ್ರತಿ, ಅರ್ಜಿ ಪುಸ್ತಕ ಇರುವುದು ಅವರ ಮನೆಯಲ್ಲಿ. ಸಾಮಾನ್ಯವಾಗಿ ಮನೆ ಬದಲಿಸುವಾಗ ಇವೆಲ್ಲ ರದ್ದಿಗೆ ಹೋಗುತ್ತವೆ. ನಾಯಕರನ್ನು ಕೇಳಲು ಕೂರುವುದು ಕಾಗದ ಕೈಗೆ ಬಂದ ಮೇಲೆ. ಬರಿಗೈಯಲ್ಲಿ ಹೋದರೆ ಭಾಷಣ ಸಿಗುತ್ತದೆ. ತಾರೀಖು ಹಿಡಿದು ಹೋದರೆ ಅವರೂ ಅಂದಿನ ದಿನಕ್ಕೆ ಹೋಗುತ್ತಾರೆ. ಹಣದ ವಿಷಯವನ್ನಂತೂ ಬರವಣಿಗೆ ಶುರುವಾಗುವ ಮುಂಚೆಯೇ ಇತ್ಯರ್ಥ ಮಾಡಬೇಕು. ಪ್ರತಿ ಕೊಳ್ಳುವವರೇ ಅಧ್ಯಾಯ ತಿದ್ದುವವರೂ ಆದರೆ ಚುಕ್ಕೆಯಂಥ ವಿಷಯ ಅಚ್ಚಿನವರೆಗೆ ಬರುವುದಿಲ್ಲ.

ಆ ರಿಜಿಸ್ಟರುಗಳನ್ನು ಈಗ ಏನು ಮಾಡುವುದು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ಕೇಳಿದೆ. ಆದರೆ ಅದರಲ್ಲಿ ಸಾವಿರಾರು ಜನರ ಕಾಯಿಲೆ, ಸಾಲ, ಮನೆಯ ಜಗಳ ಹೆಸರು ಸಮೇತ ಇದೆ. ಅವರು ಸಾಹೇಬರನ್ನು ನಂಬಿ ಹೇಳಿಕೊಂಡದ್ದು ಅದು. ಸದ್ಯಕ್ಕೆ ಯುವಕ ಹೆಸರಿನ ಕಾಲಮು ಮುಚ್ಚಿ ಪುಟಗಳನ್ನು ಸ್ಕ್ಯಾನ್ ಮಾಡುತ್ತಿದ್ದಾನೆ. ಪಿ.ಎ. ಜೊತೆಗೆ ಕೂತು ತಮ್ಮ ಸಂಕೇತಗಳಿಗೆ ಅರ್ಥ ಬರೆದುಕೊಡುತ್ತಿದ್ದಾರೆ. ಚುಕ್ಕೆಯ ಹೊರತು ಇನ್ನೂ ಏಳೆಂಟು ಬಗೆಯ ಗುರುತುಗಳಿವೆಯಂತೆ.